ಅಕ್ಷರಾಭ್ಯಾಸವಾಯಿತು, ಮುಂದೆ ಯಾವ ಪುಸ್ತಕ?

ಶೃಂಗೇರಿಯ ಶಾರದಾಂಬೆಯ ಸನ್ನಿಧಿಗೆ ಮಕ್ಕಳನ್ನು ಅಕ್ಷರಾಭ್ಯಾಸಕ್ಕೆಂದು ಕರೆತರುವ ತಂದೆತಾಯಂದಿರಿಗೆ ಕೊರತೆಯಿಲ್ಲ. ಹೊಸ ಅಂಗಿ ತೊಟ್ಟ ಮಗು ದೊಡ್ಡವರ ಕೈಹಿಡಿತದಲ್ಲಿ ಮೊದಲ ಅಕ್ಷರ ತಿದ್ದುತ್ತದೆ, ತುಂಗೆಯ ಮೀನುಗಳನ್ನು ಕಣ್ತುಂಬ ನೋಡಿ ಊರಿಗೆ ಮರಳುತ್ತದೆ. ಅಕ್ಷರವೇನೋ ಬಂತು. ಆ ಅಕ್ಷರಗಳನ್ನು ಕೂಡಿಸಿ ಅದು ಓದಬೇಕಾದ್ದು ಏನನ್ನು? ಈ ಪ್ರಶ್ನೆ ಬಹಳಷ್ಟು ಮನೆಗಳಲ್ಲಿ ಏಳುವುದೇ ಇಲ್ಲ. ಪಠ್ಯಪುಸ್ತಕ, ಜೊತೆಗೊಂದು ಗೈಡು, ಹೆಚ್ಚೆಂದರೆ ಸಾಮಾನ್ಯಜ್ಞಾನದ ಪ್ರಶ್ನೋತ್ತರ ಮಾಲೆ, ಇಷ್ಟಕ್ಕೇ ಪುಸ್ತಕದ ಖರ್ಚು ಮುಗಿಯುತ್ತದೆ.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರೂ ಮಳೆಯ ಸೀಮೆ. ಆಷಾಢ, ಶ್ರಾವಣದಲ್ಲಿ ಹಳ್ಳ ಉಕ್ಕಿದರೆ ಶಾಲೆಗೆ ರಜೆ. ಅಡಕೆ ತೋಟದ ನಡುವಿನ ಒಂಟಿಮನೆಯಲ್ಲಿ ಕರೆಂಟೂ ಇರುವುದಿಲ್ಲ. ಮೊಬೈಲಿನ ಚಾರ್ಜು ಮುಗಿದ ಮೇಲೆ ಮಗುವಿಗೆ ಉಳಿಯುವುದು ಬೇಸರವೊಂದೇ. ಅಂಥ ಮಧ್ಯಾಹ್ನಕ್ಕೆ ಹೇಳಿ ಮಾಡಿಸಿದ ಸಂಗಾತಿ ಕಥೆಪುಸ್ತಕ. ಕುವೆಂಪು ಹುಟ್ಟಿದ್ದು 1904ರಲ್ಲಿ, ಇದೇ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ. ಬ್ರೌನಿಂಗ್ ಕವಿಯ ಕಥೆಯನ್ನು ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯಾಗಿಸಿ ಕನ್ನಡದ ಮಕ್ಕಳಿಗೆ ಕೊಟ್ಟವರು ಅವರು. ಅಂಥವರು ಹುಟ್ಟಿದ ನೆಲದಲ್ಲಿ ಮಕ್ಕಳ ಕೈಗೆ ಪುಸ್ತಕವಿಲ್ಲವೆಂದರೆ ಅದು ನಮ್ಮ ಲೋಪವೇ ಸರಿ.

ಅಳತೆ ತಪ್ಪಿದರೆ ಓದೇ ಬೇಡ

ಬೆಳೆಯುವ ಹುಡುಗನೆಂದು ಒಂದಳತೆ ದೊಡ್ಡ ಅಂಗಿ ತರಬಹುದು. ಪುಸ್ತಕ ಮಾತ್ರ ಹಾಗೆ ತರಬಾರದು. ಎರಡನೇ ತರಗತಿಯ ಮಗುವಿಗೆ ಐದನೆಯವರ ಪುಸ್ತಕ ಕೊಟ್ಟರೆ ನಾಲ್ಕು ಸಾಲಿಗೆ ಅದು ಸೋಲೊಪ್ಪಿಕೊಳ್ಳುತ್ತದೆ, ‘ನನಗೆ ಓದಲು ಬಾರದು’ ಎಂದು ತಾನೇ ತೀರ್ಮಾನಿಸುತ್ತದೆ. ಈ ಸೋಲಿನ ಬೆಲೆ ಕನ್ನಡದ ಅಂಕಕ್ಕೆ ನಿಲ್ಲುವುದಿಲ್ಲ. ಲೆಕ್ಕ ಬಂದರೂ ಲೆಕ್ಕದ ಪ್ರಶ್ನೆ ಓದಲು ತಡವರಿಸುವ ಮಗು ಗಣಿತ, ವಿಜ್ಞಾನ ಎರಡರಲ್ಲೂ ಹಿಂದೆ ಬೀಳುತ್ತದೆ.

ಮೂರು ವರ್ಷದೊಳಗಿನವರಿಗೆ ದಪ್ಪ ರಟ್ಟಿನ ಹಾಳೆ, ಪುಟಕ್ಕೊಂದೇ ದೊಡ್ಡ ಚಿತ್ರ ಸಾಕು. ಮಗು ಅದನ್ನು ಕಚ್ಚೀತು, ಎಸೆದೀತು. ಪುಸ್ತಕದ ಪರಿಚಯವಾಗುವುದೇ ಹಾಗೆ. ಸೇಬು, ಹಿಮದ ಗೊಂಬೆಗಳ ಜೊತೆಗೆ ಹಲಸು, ಕಪ್ಪೆ, ಕಂಬಳಿಕೊಪ್ಪೆಯ ಚಿತ್ರಗಳೂ ಇದ್ದರೆ ಮಗು ತನ್ನ ಅಂಗಳವನ್ನೇ ಪುಟದಲ್ಲಿ ಗುರುತಿಸುತ್ತದೆ. ಮೂರರಿಂದ ಆರರವರೆಗೆ ಪ್ರಾಸವಿರುವ, ಒಂದೇ ಮಾತು ಮತ್ತೆ ಮತ್ತೆ ಬರುವ ಕಥೆ, ಹಾಡು ಬೇಕು. ಜಿ.ಪಿ. ರಾಜರತ್ನಂ, ಪಂಜೆ ಮಂಗೇಶರಾಯರ ಶಿಶುಗೀತೆಗಳು ಇಂದಿಗೂ ಹಳತಾಗದಿರುವುದು ಅವುಗಳ ಲಯದಿಂದ. ಒಂದೇ ಪುಸ್ತಕವನ್ನು ಹತ್ತು ಸಲ ಓದಿಸಿಕೊಂಡರೆ ಬೇಸರಪಡಬಾರದು. ಮುಂದೇನು ಬರುತ್ತದೆಂದು ಊಹಿಸಿ ಗೆಲ್ಲುವ ಆಟವದು.

ಆರರಿಂದ ಎಂಟರವರೆಗಿನ ಹಂತ ಕನ್ನಡದ ಮಟ್ಟಿಗೆ ನಾಜೂಕಿನದು. ‘ಮರ’, ‘ಮಳೆ’, ‘ಮೀನು’ ಸರಾಗವಾಗಿ ಓದುವ ಮಗು ಒತ್ತಕ್ಷರ, ಅರ್ಕಾವೊತ್ತು ಕಂಡೊಡನೆ ಮುಗ್ಗರಿಸುತ್ತದೆ. ಆದ್ದರಿಂದ ದಪ್ಪಕ್ಷರ, ಸಾಲುಗಳ ನಡುವೆ ಜಾಗ, ಪುಟಕ್ಕೆ ಎರಡು ಮೂರು ಚಿಕ್ಕ ವಾಕ್ಯ ಇರುವುದನ್ನೇ ಆರಿಸಬೇಕು. 2004ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಪ್ರಥಮ್ ಬುಕ್ಸ್ ತನ್ನ ಚಿತ್ರಪುಸ್ತಕಗಳನ್ನು ಓದಿನ ನಾಲ್ಕು ಹಂತಗಳಾಗಿ ವಿಂಗಡಿಸಿದೆ. ನ್ಯಾಷನಲ್ ಬುಕ್ ಟ್ರಸ್ಟ್‌ನ ನೆಹರೂ ಬಾಲ ಪುಸ್ತಕಾಲಯ ಮಾಲೆಯೂ ಕನ್ನಡದಲ್ಲಿದೆ.

ನರಸಿಂಹರಾಜಪುರದ ಕಡೆ ಮನೆಯಲ್ಲಿ ಮಲಯಾಳ ಆಡುವ ಮಕ್ಕಳಿದ್ದಾರೆ. ತುಳು, ಕೊಂಕಣಿಯ ಮನೆಗಳೂ ಈ ಸೀಮೆಯಲ್ಲಿವೆ. ಅಂಥವರಿಗೆ ಮಾತಿಲ್ಲದ ಅಥವಾ ಮಾತು ಕಡಿಮೆಯಿರುವ ಚಿತ್ರಕಥೆ ಒಳ್ಳೆಯ ಸೇತುವೆ. ತಾಯಿ ತನ್ನ ಮಾತಿನಲ್ಲೇ ಕಥೆ ಹೇಳಲಿ, ಮಗು ಅದನ್ನೇ ಶಾಲೆಯಲ್ಲಿ ಕನ್ನಡದಲ್ಲಿ ಹೇಳಲಿ.

ಒಂಬತ್ತರಿಂದ ಹನ್ನೊಂದು ಸಾಹಸದ ವಯಸ್ಸು. ಕಾಡು, ಕಳ್ಳರು, ನಗೆ, ಪ್ರವಾಸ, ಪಂಚತಂತ್ರ ಎಲ್ಲವೂ ರುಚಿಸುತ್ತವೆ. ರಾಷ್ಟ್ರೋತ್ಥಾನದ ಭಾರತ-ಭಾರತಿ ಮಾಲೆಯ ಪುಟ್ಟ ಜೀವನಚರಿತ್ರೆಗಳು ಒಂದೇ ಕೂರಿಗೆ ಮುಗಿಯುವಂಥವು. ಹನ್ನೆರಡು ದಾಟಿದವರಿಗೆ ಇದೇ ಜಿಲ್ಲೆಯ ಮೂಡಿಗೆರೆಯಲ್ಲಿ ಬಾಳಿದ ಪೂರ್ಣಚಂದ್ರ ತೇಜಸ್ವಿಯವರ ‘ಪರಿಸರದ ಕತೆ’, ‘ಕರ್ವಾಲೊ’ ಕೊಡಬಹುದು. ಹಾರುವ ಓತಿಯ ಬೆನ್ನುಹತ್ತುವ ‘ಕರ್ವಾಲೊ’ದ ಕಾಡು ಮಲೆನಾಡಿನ ಮಕ್ಕಳಿಗೆ ಪರಕೀಯವಲ್ಲ. 1981ರಲ್ಲಿ ಜಪಾನಿನಲ್ಲಿ ಪ್ರಕಟವಾದ ‘ತೊತ್ತೋಚಾನ್’ ಕನ್ನಡದಲ್ಲೂ ಸಿಗುತ್ತದೆ. ಒಂದು ಶಾಲೆಗೆ ಬೇಡವಾದ ಹುಡುಗಿ ಇನ್ನೊಂದರಲ್ಲಿ ಅರಳಿದ ಆ ನಿಜಕಥೆಯನ್ನು ಮಕ್ಕಳಿಗಿಂತ ಮೊದಲು ದೊಡ್ಡವರು ಓದುವುದು ಒಳಿತು.

ನರಿ ಮಾತಾಡಬಹುದೆ?

ಕಥೆಯಲ್ಲಿ ನರಿ ಮಾತಾಡಿದರೆ ಸುಳ್ಳು ಕಲಿಸಿದಂತಾಗುವುದಿಲ್ಲವೆ ಎಂದು ಕೆಲವರು ಕೇಳುವುದುಂಟು. ಆಗುವುದಿಲ್ಲ. ಅದು ಆಟವೆಂದು ಮಗುವಿಗೆ ಗೊತ್ತು. ಕಥೆಯಲ್ಲಿ ಅರಿಯದೆ ನುಸುಳಿದ ತಪ್ಪಿನ ಮಾತು ಬೇರೆ. 1969ರಲ್ಲಿ ಬಂದ ಎರಿಕ್ ಕಾರ್ಲ್ ಅವರ ಹಸಿದ ಕಂಬಳಿಹುಳುವಿನ ಚಿತ್ರಪುಸ್ತಕ ಜಗತ್ಪ್ರಸಿದ್ಧ. ಅದರಲ್ಲಿ ಚಿಟ್ಟೆ ನೂಲಿನ ಗೂಡಿನಿಂದ ಹೊರಬರುತ್ತದೆ. ಅಂಥ ಗೂಡು ನೇಯುವುದು ರೇಷ್ಮೆಹುಳುವಿನಂಥ ಪತಂಗಗಳ ಜಾತಿ. ಚಿಟ್ಟೆಯ ಹುಳು ಸಾಮಾನ್ಯವಾಗಿ ಪೊರೆ ಕಳಚಿ ಬರಿಯ ಕೋಶವಾಗಿ ತೂಗುತ್ತದೆ. ಹಾಗೆಂದು ಪುಸ್ತಕ ಬಿಸಾಡಬೇಕಿಲ್ಲ. ಹಿತ್ತಲಿನ ನಿಂಬೆ, ಕರಿಬೇವಿನ ಗಿಡದಲ್ಲಿ ಹಸಿರು ಹುಳುವನ್ನು ತೋರಿಸಿ ಎರಡು ವಾರ ಕಾಯಿರಿ. ಪುಸ್ತಕವನ್ನು ತಿದ್ದುವ ಸಂತೋಷ ಮಗುವಿನದಾಗುತ್ತದೆ. ಎಚ್ಚರ ಬೇಕಾದ್ದು ಬೇರೆ ಕಡೆ: ಕಪ್ಪು ಬಣ್ಣವನ್ನೋ ಅಂಗವೈಕಲ್ಯವನ್ನೋ ಹಂಗಿಸುವ, ಕೊನೆಯಲ್ಲಿ ನೀತಿಯನ್ನು ಬಲವಂತವಾಗಿ ಅಂಟಿಸುವ ಕಥೆಗಳನ್ನು ಪಕ್ಕಕ್ಕಿಡುವುದು ಲೇಸು.

ಅಳತೆ ತಿಳಿಯಲು ಸುಲಭ ಉಪಾಯವಿದೆ. ನಡುವಿನ ಒಂದು ಪುಟ ತೆರೆದು ಮಗುವಿಗೆ ಗಟ್ಟಿಯಾಗಿ ಓದಲು ಹೇಳಿ, ತಡವರಿಸಿದ ಪದಕ್ಕೊಂದು ಬೆರಳು ಮಡಿಸಿ. ಎರಡು ಮೂರು ಬೆರಳು ಮಡಿದರೆ ಪುಸ್ತಕ ಸರಿಹೊಂದೀತು. ಐದೂ ಮಡಿದರೆ ಸದ್ಯಕ್ಕೆ ದೊಡ್ಡವರೇ ಓದಿ ಹೇಳಲಿ.

ಕೊಳ್ಳುವ ಶಕ್ತಿ ಎಲ್ಲರಿಗಿಲ್ಲ, ನಿಜ. ಆದರೆ ಗ್ರಂಥಾಲಯವಿದೆ. ರಾಜ್ಯದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಸೇರಿದವು. 2020ರ ಮಕ್ಕಳ ದಿನದಂದು ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮ 6ರಿಂದ 18 ವರ್ಷದವರಿಗೆ ಉಚಿತ ಸದಸ್ಯತ್ವದ ಬಾಗಿಲು ತೆರೆಯಿತು. ಮಗುವಿನ ಕೈಹಿಡಿದು ಅಲ್ಲಿಗೆ ಕರೆದೊಯ್ಯುವ ಕೆಲಸ ಮನೆಯವರದು. ಹರಿದೀತೆಂಬ ಭಯಕ್ಕೆ ಪುಸ್ತಕವನ್ನು ಬೀರುವಿನಲ್ಲಿಟ್ಟು ಬೀಗ ಹಾಕದಿರುವ ಕೆಲಸ ಶಾಲೆಯವರದು. ಹರಿದ ಪುಟಕ್ಕೆ ಅಂಟು ಹಚ್ಚಬಹುದು. ಹತ್ತನೇ ವಯಸ್ಸಿಗೆ ಕಳೆದ ಓದಿನ ಆಸೆಯನ್ನು ಮತ್ತೆ ಅಂಟಿಸುವುದು ಕಷ್ಟ.

ಮಗುವಿನ ಅಕ್ಷರಾಭ್ಯಾಸಕ್ಕೆಂದು ಶೃಂಗೇರಿಗೆ ಹೊರಡುವವರು ಸ್ಲೇಟು, ಬಳಪದ ಜೊತೆಗೆ ಒಂದು ಚಿತ್ರಪುಸ್ತಕವನ್ನೂ ಚೀಲಕ್ಕೆ ಸೇರಿಸಿಕೊಳ್ಳಲಿ. ಬಸ್ಸಿನಲ್ಲಿ ಮರಳುವಾಗಲೇ ಅದರ ಮೊದಲ ಪುಟ ತೆರೆಯಲಿ.