ಬಿಳಿ ಕಾಗೆ ಕಂಡ್ರೆ ಮೊದಲು ಕಣ್ಣು ನೋಡ್ರಿ

"ಸರ್, ಬಿಳಿ ಕಾಗಿ ಬಂದದ!" ಅಂತ ಹೋದ ವರ್ಷ ಎಂಟನೇ ತರಗತಿಯ ಹುಡುಗನೊಬ್ಬ ಓಡಿ ಬಂದ. ನಾವು ಹೋಗೋದ್ರೊಳಗ ಜಾಲಿಗಿಡದ ಸುತ್ತ ಮಂದಿ ಸೇರಿದ್ದರು. ಒಬ್ಬರು ಅಪಶಕುನ ಅಂದರು, ಇನ್ನೊಬ್ಬರು ಅದು ಪಾರಿವಾಳ ಅಂದರು. ಇಬ್ಬರು ಹುಡುಗರ ಕೈಯಲ್ಲಿ ಕಲ್ಲಿದ್ದವು. ಮೊದಲು ಕಲ್ಲು ಕೆಳಗೆ ಹಾಕಿಸಿದೆ.

ಮಕ್ಕಳೇ, ಇಂಥ ಹಕ್ಕಿ ಉಮರ್ಗಾ, ನಿಲಂಗಾ, ಉದಗೀರ ಕಡೆಯ ನಿಮ್ಮ ತೊಗರಿ ಹೊಲದಲ್ಲೂ ಕಾಣಬಹುದು. ಆಗ ಬಣ್ಣ ಸ್ವಲ್ಪ ಮರೆತುಬಿಡ್ರಿ. ಕೊಕ್ಕು ಎಂಥಾದು? ಹೆಂಗ ನಡೀತದ? ಹೆಂಗ ಕೂಗ್ತದ? ಯಾರ ಜೊತೆಗದ? ನಮ್ಮದು ದಪ್ಪ ಕೊಕ್ಕಿನದು, "ಕಾ ಕಾ" ಅಂತಿತ್ತು, ಕಾಗೆಗಳ ನಡುವೆಯೇ ಇತ್ತು. ಅಂದ್ರೆ ಊರ ಕಾಗೆಯೇ.

ಆಮೇಲೆ ಕಣ್ಣು ನೋಡಬೇಕು. ಗರಿಗೆ ಕಪ್ಪು, ಕಂದು ಬಣ್ಣ ಕೊಡುವುದು ಮೆಲನಿನ್. ಅದನ್ನು ತಯಾರಿಸಲು ಟೈರೋಸಿನೇಸ್ ಎಂಬ ಕಿಣ್ವ ಬೇಕು. ಹುಟ್ಟಿನಿಂದಲೇ ಈ ಕಿಣ್ವ ಕೆಲಸ ಮಾಡದಿದ್ದರೆ ಗರಿಯಲ್ಲೂ ಕಣ್ಣಲ್ಲೂ ಮೆಲನಿನ್ ಇರುವುದಿಲ್ಲ. ಒಳಗಿನ ರಕ್ತ ಕಂಡು ಕಣ್ಣು ಕೆಂಪಾಗಿ ತೋರುತ್ತದೆ. ಇದೇ ಆಲ್ಬಿನಿಸಂ. ಅಂಥ ಹಕ್ಕಿಗೆ ದೃಷ್ಟಿ ಮಂದ, ಬಿಸಿಲು ತಡೆಯೋದಿಲ್ಲ. ಕಾಡಿನಲ್ಲಿ ದೊಡ್ಡದಾಗುವ ತನಕ ಬದುಕುವುದೇ ಅಪರೂಪ. ನಮ್ಮ ಕಾಗೆಯ ಕಣ್ಣು ಕಪ್ಪಗಿತ್ತು. ಅಂದ ಮೇಲೆ ಎಲ್ಲರೂ ಹೇಳುವಂತೆ ಅದು "ಆಲ್ಬಿನೊ" ಅಲ್ಲ.

ಹಾಗಾದ್ರ ಏನು? ಎರಡು ಸಾಧ್ಯತೆ. ಲ್ಯೂಸಿಸಂನಲ್ಲಿ ಬಣ್ಣದ ಕೋಶಗಳು ಭ್ರೂಣದಲ್ಲಿದ್ದಾಗಲೇ ಚರ್ಮದ ಕೆಲ ಭಾಗ ಮುಟ್ಟಿರುವುದಿಲ್ಲ; ಅಲ್ಲಿ ಜೀವನಪೂರ್ತಿ ಬಿಳಿ ಗರಿಯೇ. ಇನ್ನು ಕೆಲವು ಹಕ್ಕಿಗಳು ನಮ್ಮ ಅಜ್ಜನ ತಲೆಗೂದಲಿನಂತೆ ವರ್ಷ ವರ್ಷ ಬೆಳ್ಳಗಾಗ್ತಾವ. ಬ್ರಿಟನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನ ಹೈನ್ ವಾನ್ ಗ್ರೌ ಇಂಥ ಹಕ್ಕಿಗಳನ್ನೇ ಅಧ್ಯಯನ ಮಾಡಿದವರು. ಈ ಎರಡನೆಯದೇ ಹೆಚ್ಚು ಸಾಮಾನ್ಯ ಅಂತ ಅವರ ಅಭಿಪ್ರಾಯ.

ಗಿಳಿಯ ಲೆಕ್ಕ ಮಾತ್ರ ಬೇರೆ. ಮೆಲನಿನ್ ಇಲ್ಲದ ಹಸಿರು ಗಿಳಿ ಬೆಳ್ಳಗಾಗದು, ಹಳದಿಯಾಗುತ್ತದೆ! ಹಳದಿ ಬಣ್ಣದ ವಸ್ತು ಅದರ ಗರಿಯಲ್ಲಿ ಬೇರೆಯೇ ಇದೆ. ಆ ಹಳದಿಯೇ ಇಲ್ಲವಾದರೆ ಗಿಳಿ ನೀಲಿ.

ಬಣ್ಣ ಬೇರೆ ಕಂಡದ್ದೆಲ್ಲ ದೋಷ ಅಂತಲೂ ಬರೀಬ್ಯಾಡ್ರಿ. ಉದ್ದ ಬಾಲದ ರಾಜಹಕ್ಕಿಯ ಗಂಡು ಎಳವೆಯಲ್ಲಿ ಕಂದು, ವಯಸ್ಸಾದಂತೆ ಬಿಳಿ. ದನದ ಹಿಂದೆ ತಿರುಗುವ ಬೆಳ್ಳಕ್ಕಿಗೆ ಮರಿ ಮಾಡುವ ಕಾಲದಲ್ಲಿ ತಲೆ, ಕುತ್ತಿಗೆ ಕಿತ್ತಳೆಯಾಗ್ತದ. ಅದು ಅವುಗಳ ಸಹಜ ಬಣ್ಣ.

ಕಲ್ಲು ಹಿಡಿದಿದ್ದ ಹುಡುಗರಲ್ಲಿ ಒಬ್ಬ ಆವತ್ತೇ ಕಾಗೆಯ ಚಿತ್ರ ಬಿಡಿಸಿ, ತಾರೀಖು ಹಾಕಿಟ್ಟ. ಬಲ ರೆಕ್ಕೆಯಲ್ಲಿ ಎರಡು ಗರಿ ಮಾತ್ರ ಕಪ್ಪು. ಕಾಗೆ ಈಗಲೂ ಹಿಟ್ಟಿನ ಗಿರಣಿ ಹತ್ತಿರ ಬರ್ತದ. ಉಳಿದವು ಅದನ್ನ ಕುಕ್ಕಿ ಓಡಿಸ್ತಾವ. ಗರಿ ಉದುರಿ ಹೊಸತು ಬಂದಾಗ ಆ ಎರಡೂ ಕಪ್ಪಾಗೇ ಬಂದರೆ ಲ್ಯೂಸಿಸಂ ಇರಬಹುದು, ಬೆಳ್ಳಗೆ ಬಂದರೆ ವಯಸ್ಸಿನ ನರೆ ಇರಬಹುದು. ಹುಡುಗ ದಿನಾ ಗಿರಣಿ ಕಡೆಯಿಂದಲೇ ಸಾಲಿಗೆ ಬರ್ತಾನ.