ಜಗಳೂರಿನ ನಾಲ್ಕು ಕೊಂಬು

ಹರಿಹರ ದಾಟಿ ತುಂಗಭದ್ರೆಯ ಆಚೆಗೆ ಇಪ್ಪತ್ತು ಚಿಲ್ಲರೆ ಕಿಲೋಮೀಟರ್ ಹೋದರೆ ರಾಣೆಬೆನ್ನೂರಿನ ಕೃಷ್ಣಮೃಗ ಧಾಮ: 1974ರಲ್ಲಿ ಘೋಷಣೆಯಾದದ್ದು, 119 ಚದರ ಕಿಲೋಮೀಟರ್. ದಾವಣಗೆರೆಯಿಂದ ಜಗಳೂರಿನ ಕಡೆ ಹೊರಟರೆ ರಂಗಯ್ಯನದುರ್ಗದ ಕೊಂಡುಕುರಿ ಧಾಮ: 2011ರದ್ದು, ಸುಮಾರು 77 ಚದರ ಕಿಲೋಮೀಟರ್. ಹುಲಿ, ಆನೆಗಳ ಹೆಸರಿನ ಕಾಡುಗಳಿಗೆ ನಾಡಿನಲ್ಲಿ ಬರವಿಲ್ಲ. ಮೇಯುವ ಪ್ರಾಣಿಯ ಹೆಸರನ್ನೇ ಹೊತ್ತ ಎರಡು ಧಾಮಗಳು ಒಂದೇ ನಗರದ ಎರಡು ದಿಕ್ಕಿಗಿರುವುದು ಅಪರೂಪ. ಆದರೂ ಬೆಣ್ಣೆ ದೋಸೆ, ಖಾಲಿ ದೋಸೆ, ಓಪನ್ ದೋಸೆಗಳ ಭೇದವನ್ನು ಪರಸ್ಥಳದವರಿಗೆ ತಾಳ್ಮೆಯಿಂದ ತಿಳಿಸಿಕೊಡುವ ಈ ಊರಿಗೆ, ಕೊಂಬಿರುವ ಕಾಡುಪ್ರಾಣಿಯೆಲ್ಲ ಒಂದೇ, ಜಿಂಕೆ. ಆನಗೋಡಿನ ಕಿರು ಮೃಗಾಲಯದಲ್ಲಿ ಚುಕ್ಕೆ ಜಿಂಕೆ ನೋಡಿ ಬಂದ ಮಕ್ಕಳಿಗೆ ಜಗಳೂರಿನಲ್ಲಿರುವುದೂ ಅದೇ, ರಾಣೆಬೆನ್ನೂರಿನಲ್ಲಿರುವುದೂ ಅದೇ. ಈ ಅಸಡ್ಡೆಗೆ ಬೆಲೆ ತೆತ್ತವು ಪ್ರಾಣಿಗಳು ಮತ್ತು ಅವು ಮೇಯುವ ನೆಲ ಎಂಬುದು ಈ ಲೇಖನದ ವಾದ.

ಯೂರೋಪಿನಲ್ಲಿ ಒಂದು ಪ್ರಾಣಿಯನ್ನು ಇನ್ನೊಂದರಿಂದ ಬೇರೆಮಾಡಿ ಗುರುತಿಸುವ ವಿದ್ಯೆ ಉಳಿದುಕೊಂಡಿದೆ, ಕಾರಣ ಅಲ್ಲಿ ಬೇಟೆ ಉಳಿದಿದೆ. ಜರ್ಮನಿಯಲ್ಲಿ ಬಂದೂಕು ಹಿಡಿದು ಕಾಡಿಗೆ ಹೋಗಬೇಕಾದವನು ಮೊದಲು ಪರೀಕ್ಷೆ ಪಾಸಾಗಬೇಕು. ಪ್ರಾಣಿಯ ಜಾತಿ, ಲಿಂಗ, ಪ್ರಾಯ ಹೇಳಲು ಬಾರದವನಿಗೆ ಪರವಾನಗಿಯಿಲ್ಲ. ಅಲ್ಲಿನ ಕೆಂಪು ಜಿಂಕೆ ದೊಡ್ಡ ಮೈಯದು. ಕವಲುಗೊಂಬಿನಲ್ಲಿ ಹನ್ನೆರಡು ಮೊನೆ ಮೂಡಿದ ಗಂಡಿಗೆ ಬ್ರಿಟನ್ನಿನಲ್ಲಿ ರಾಜಪದವಿ. ಫ್ಯಾಲೋ ಜಿಂಕೆಯ ಕೊಂಬು ಅಂಗೈಯಂತೆ ಅಗಲ; ಬೇಸಿಗೆಯಲ್ಲಿ ಮೈಮೇಲೆ ಚುಕ್ಕೆ ಬರುವುದರಿಂದ ನಮ್ಮವರು ನೋಡಿದರೆ ಬಂಡೀಪುರದ್ದೇ ಎಂದಾರು. ರೋ ಜಿಂಕೆ ಚಿಕ್ಕದು. ಕೆಂಪು ಜಿಂಕೆ ವಸಂತದಲ್ಲಿ ಕೊಂಬು ಉದುರಿಸಿದರೆ ಇದು ಚಳಿಗಾಲದ ಬಾಗಿಲಲ್ಲಿ ಉದುರಿಸುತ್ತದೆ. ಯಾವುದನ್ನು ಯಾವ ತಿಂಗಳು ಹೊಡೆಯಬಹುದೆಂಬ ಕಾಯಿದೆ ಈ ಭೇದಗಳ ಮೇಲೆಯೇ ನಿಂತಿದೆ. ಸಂಪ್ರದಾಯವೂ ಹಾಗೆಯೇ: ಬಿದ್ದ ಪ್ರಾಣಿಯ ಬಾಯಿಗೆ ಹಸಿರು ಟೊಂಗೆಯೊಂದನ್ನು ಕೊನೆಯ ತುತ್ತೆಂದು ಇಡುತ್ತಾರೆ, ದಿನದ ಕೊನೆಗೆ ಕಹಳೆ ಊದುವಾಗ ಕೆಂಪು ಜಿಂಕೆಗೆ ಒಂದು ಸ್ವರ, ರೋ ಜಿಂಕೆಗೆ ಇನ್ನೊಂದು, ಕಾಡುಹಂದಿಗೆ ಮತ್ತೊಂದು. ಸತ್ತದ್ದು ಯಾವುದೆಂದು ಕಣ್ಣುಮುಚ್ಚಿ ಕೇಳಿದರೂ ಗೊತ್ತಾಗಬೇಕು. ಕೊಂದವರ ಸೂಕ್ಷ್ಮವನ್ನು ಹೊಗಳುವುದು ಕೆಲವರಿಗೆ ಕಸಿವಿಸಿ ತಂದೀತು. ತರಲಿ, ಆ ಸೂಕ್ಷ್ಮದಿಂದ ಕಲಿಯುವುದಕ್ಕೆ ಅಡ್ಡಿಯಿಲ್ಲ.

ನಮ್ಮಲ್ಲಿ ಮೊದಲು ತಿಳಿಯಬೇಕಾದದ್ದು ಕೊಂಬಿನ ಎರಡು ಕುಲ. ಚುಕ್ಕೆ ಜಿಂಕೆ, ಕಡವೆ, ಕಾಡುಕುರಿ ಇವು ನಿಜವಾದ ಜಿಂಕೆಗಳು; ಇವುಗಳದು ಎಲುಬಿನ ಕವಲುಗೊಂಬು, ಉದುರಿ ಮತ್ತೆ ಬೆಳೆಯುತ್ತದೆ. ಕೃಷ್ಣಮೃಗ ಮತ್ತು ಕೊಂಡುಕುರಿ ಆಡು, ದನಗಳ ಸಂಬಂಧಿಗಳು. ಇವುಗಳ ಕೊಂಬಿಗೆ ಕವಲಿಲ್ಲ, ಒಳಗಿನ ಎಲುಬಿನ ಮೇಲೆ ಗಟ್ಟಿ ಕವಚ, ಹುಟ್ಟಿದ ಮೇಲೆ ಸಾಯುವವರೆಗೆ ಉದುರುವ ಮಾತಿಲ್ಲ. ಹಾಗೆ ನೋಡಿದರೆ ದಾವಣಗೆರೆಯ ಆಚೀಚೆಗಿನ ಎರಡೂ ಧಾಮಗಳು ಜಿಂಕೆಯವೇ ಅಲ್ಲ. ಕೃಷ್ಣಮೃಗದ ಗಂಡನ್ನು ಗುರುತಿಸಲು ಪಾಂಡಿತ್ಯ ಬೇಡ: ಸುರುಳಿ ಕೊಂಬು, ಕಪ್ಪು ಬೆನ್ನು, ಬಿಳಿ ಹೊಟ್ಟೆ, ಕಣ್ಣಿನ ಸುತ್ತ ಬಿಳಿ ಬಳೆ. ಕಷ್ಟವಿರುವುದು ಕೊಂಡುಕುರಿಯಲ್ಲಿ, ಬೆರಗಿರುವುದೂ ಅದರಲ್ಲೇ.

ಇಂದು ಬದುಕಿರುವ ಕಾಡುಪ್ರಾಣಿಗಳಲ್ಲಿ ಹುಟ್ಟುಗುಣವಾಗಿ ನಾಲ್ಕು ಕೊಂಬಿರುವುದು ಇದೊಂದಕ್ಕೇ. ನೆಲೆ ಭಾರತ ಮತ್ತು ನೇಪಾಳ ಮಾತ್ರ. ತೂಕ ಇಪ್ಪತ್ತು ಕಿಲೋದ ಆಸುಪಾಸು, ಎತ್ತರ ಮನುಷ್ಯನ ಮೊಣಕಾಲಿಗಿಂತ ತುಸು ಮೇಲೆ. ಗಂಡುಮರಿಗೆ ಕೆಲವು ತಿಂಗಳಲ್ಲಿ ಕಿವಿಗಳ ನಡುವೆ ಹಿಂದಿನ ಜೋಡಿ ಮೂಡುತ್ತದೆ. ಹಣೆಯ ಮುಂದಿನ ಜೋಡಿ ಬರಲು ವರ್ಷದ ಹತ್ತಿರವಾಗುತ್ತದೆ. ಹೆಣ್ಣಿಗೆ ಕೊಂಬೇ ಇಲ್ಲ. ಇನ್ನೂ ತಮಾಷೆಯೆಂದರೆ, ದಕ್ಷಿಣ ಭಾರತದ ಕೊಂಡುಕುರಿಗಳಲ್ಲಿ ಮುಂದಿನ ಜೋಡಿ ಎಷ್ಟೋ ಸಲ ಬರೀ ಉಬ್ಬಷ್ಟೇ, ಕೂದಲಲ್ಲಿ ಮುಚ್ಚಿಹೋಗಿರುತ್ತದೆ. ಅಂದರೆ ನಾಲ್ಕು ಕೊಂಬು ಎಣಿಸಿ ಗುರುತಿಸುತ್ತೇನೆಂದು ರಂಗಯ್ಯನದುರ್ಗಕ್ಕೆ ಹೋದವನು ಎದುರಿಗೇ ನಿಂತ ಪ್ರಾಣಿಯನ್ನು ಬೇರೇನೋ ಎಂದುಕೊಂಡು ಬಂದಾನು. ಆಗ ನೋಡಬೇಕಾದದ್ದು ಕಾಲು: ಮುಂಗಾಲುಗಳ ಮುಂಭಾಗದಲ್ಲಿ ಕಪ್ಪು ಗೆರೆ ಇಳಿದಿರುತ್ತದೆ. ನೋಡಬೇಕಾದ ಇನ್ನೊಂದು, ನೆಲ. ಕೊಂಡುಕುರಿ ತನ್ನ ಹಿಕ್ಕೆಯನ್ನು ಗೊತ್ತಾದ ಜಾಗಕ್ಕೇ ಮತ್ತೆಮತ್ತೆ ಬಂದು ಹಾಕುತ್ತದೆ. ಗುಡ್ಡೆಗಟ್ಟಿದ ಹಿಕ್ಕೆ ಅದರ ವಿಳಾಸ. ಒಂಟಿಯಾಗಿ ಅಥವಾ ಜೋಡಿಯಾಗಿ ಹುಲ್ಲು, ಪೊದೆಗಳ ಮರೆಯಲ್ಲಿರುವ ಈ ನಾಚಿಕೆಯ ಪ್ರಾಣಿಯನ್ನು ಕಣ್ಣಿಂದ ಎಣಿಸುವುದಕ್ಕಿಂತ ಹಿಕ್ಕೆಯಿಂದ ಎಣಿಸುವುದೇ ಸುಲಭ. ಕಾಡುಕುರಿಯೊಡನೆ ಇದನ್ನು ಗೊಂದಲ ಮಾಡಿಕೊಳ್ಳುವವರು ಬಹಳ. ಎರಡೂ ಚಿಕ್ಕವು, ಕೆಂಗಂದು ಬಣ್ಣದವು, ಒಂಟಿ ಬಾಳಿನವು. ಆದರೆ ಕಾಡುಕುರಿಯ ಮುಖದ ಮೇಲೆ ಕಪ್ಪು ಏಣುಗಳಿವೆ, ಗಂಡಿಗೆ ಕೋರೆಹಲ್ಲಿದೆ, ಬೆದರಿದರೆ ನಾಯಿಯ ಹಾಗೆ ಬೊಗಳುತ್ತದೆ. ಅದಕ್ಕೆ ಮಲೆನಾಡಿನ ದಟ್ಟ ಕಾಡು ಬೇಕು. ಕೊಂಡುಕುರಿಗೆ ಬೇಕಾದದ್ದು ಜಗಳೂರಿನಂಥ ಒಣಗುಡ್ಡ, ಎಲೆ ಉದುರುವ ಕುರುಚಲು ಕಾಡು, ಹತ್ತಿರದಲ್ಲೇ ನೀರು. ಬರದ ತಾಲ್ಲೂಕೆಂದು ಹೆಸರು ಕೆಡಿಸಿಕೊಂಡ ಜಗಳೂರು ಇದರ ಪಾಲಿಗೆ ಹೇಳಿ ಮಾಡಿಸಿದ ಜಾಗ.

ಈ ಜ್ಞಾನ ನಮ್ಮ ನೆಲದಲ್ಲಿ ಹೊಸದಲ್ಲ. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಬೇಟೆ ರಾಜವಿನೋದಗಳಲ್ಲೊಂದು. ದಖ್ಖನಿನ ಬಯಲಲ್ಲಿ ಪಳಗಿಸಿದ ಸಿವಂಗಿಯನ್ನು, ಅಂದರೆ ಚೀತಾವನ್ನು, ಕೃಷ್ಣಮೃಗದ ಮೇಲೆ ಬಿಡುವ ಆಟ ಕೊಲ್ಹಾಪುರದಲ್ಲಿ ಇಪ್ಪತ್ತನೆಯ ಶತಮಾನದವರೆಗೂ ನಡೆಯಿತು. ಇಲ್ಲಿಯ ಚೀತಾಗಳು ಮುಗಿದ ಮೇಲೆ ಆಫ್ರಿಕಾದಿಂದ ತರಿಸಿಕೊಂಡು ಆಡಿದರು. ಅರಮನೆಯ ಬೇಟೆಗೆ ಲೇಖಕರು ಸಿಕ್ಕಿದರು. ಚಿತ್ರದುರ್ಗ, ಜಗಳೂರು, ಮೊಳಕಾಲ್ಮೂರು ಸೀಮೆಯ ಬೇಡರಿಗೆ, ಯುಗಾದಿ ಮುಗಿಸಿ ಬಲೆ ಹೊತ್ತು ಹೊರಡುತ್ತಿದ್ದ ಹಳ್ಳಿಗರಿಗೆ ಯಾರೂ ಸಿಗಲಿಲ್ಲ. ಹೆಜ್ಜೆ, ಹಿಕ್ಕೆ, ಮೇದ ಚಿಗುರು ನೋಡಿ ಮೃಗದ ಜಾಡು ಹೇಳುತ್ತಿದ್ದವರ ವಿದ್ಯೆ ಬಾಯಿಂದ ಬಾಯಿಗೆ ಬಂದಷ್ಟೇ. 1972ರ ವನ್ಯಜೀವಿ ಕಾಯಿದೆ ಬೇಟೆಯನ್ನು ನಿಲ್ಲಿಸಿತು, ನಿಲ್ಲಿಸಬೇಕಾಗಿಯೂ ಇತ್ತು. ವಿಚಿತ್ರವೆಂದರೆ ಆ ಕಾಯಿದೆಯೇ ಗುರುತಿನ ಮೇಲೆ ನಿಂತದ್ದು. ಕೃಷ್ಣಮೃಗ, ಕೊಂಡುಕುರಿ ಮೊದಲ ಅನುಸೂಚಿಗೆ ಸೇರಿದವು, ಕೊಂದವರಿಗೆ ಈಗ ಕನಿಷ್ಠ ಮೂರು ವರ್ಷ ಜೈಲು. ಚುಕ್ಕೆ ಜಿಂಕೆಯನ್ನು ಮೂರನೆಯದರಲ್ಲಿ ಇಟ್ಟಿದ್ದರು. ಭೇದ ತಿಳಿದಿದ್ದವರನ್ನು ಕಾಡಿನಿಂದ ಹೊರಗೆ ಕಳಿಸಿದ ಕಾಯಿದೆ, ಆ ಭೇದವನ್ನು ಊರಿಗೆ ಕಲಿಸುವ ಕೆಲಸವನ್ನು ಯಾರಿಗೂ ವಹಿಸಲಿಲ್ಲ.

ಗುರುತು ಮರೆತರೆ ನಷ್ಟವೇನು ಎಂಬುದಕ್ಕೆ ರಾಣೆಬೆನ್ನೂರಿಗಿಂತ ದೊಡ್ಡ ಸಾಕ್ಷಿ ಬೇಡ. ಕೃಷ್ಣಮೃಗ ಬಯಲಿನ ಪ್ರಾಣಿ. ದೂರದವರೆಗೆ ನೋಟ ಹರಿಯಬೇಕು, ಓಡಿ ಪಾರಾಗಲು ಜಾಗವಿರಬೇಕು, ಮೇಯಲು ಹುಲ್ಲು ಬೇಕು. ಆ ಬಯಲಿನ ಬಹುಪಾಲಿಗೆ ನೀಲಗಿರಿ ಗಿಡ ನೆಟ್ಟರು. ಹುಲ್ಲುಗಾವಲು ಅಧಿಕಾರಿಗಳ ಕಣ್ಣಿಗೆ ಪಾಳುಭೂಮಿ. ಕಾಡು ಎಂದರೆ ಮರ, ಮರ ಬೆಳೆಸಿದರೆ ಜಿಂಕೆಗೆ ಉಪಕಾರ ಎಂಬ ಲೆಕ್ಕ. ಚುಕ್ಕೆ ಜಿಂಕೆಗೂ ಕೃಷ್ಣಮೃಗಕ್ಕೂ ಭೇದ ಬಲ್ಲವರು ಆ ಲೆಕ್ಕ ಹಾಕುತ್ತಿರಲಿಲ್ಲ. ಇದೇ ಸೀಮೆಯಲ್ಲಿ, ಹರಿಹರದ ಎದುರು ದಂಡೆಯ ಕುಮಾರಪಟ್ಟಣಂನಲ್ಲಿ, 1970ರ ದಶಕದಲ್ಲಿ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ಶುರುವಾಗಿ ನೀಲಗಿರಿಗೆ ದೊಡ್ಡ ಗಿರಾಕಿ ಸಿಕ್ಕಿತು. ಮುಂದೆ ಗೋಮಾಳಗಳನ್ನೂ ನೀಲಗಿರಿಗೆ ಕೊಡಲು ಹೊರಟಾಗ ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆಯ ಜತೆ ಸೇರಿ ಜನ 1987ರಲ್ಲಿ ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ 'ಕಿತ್ತಿಕೋ ಹಚ್ಚಿಕೋ' ಸತ್ಯಾಗ್ರಹ ಮಾಡಿ ನೀಲಗಿರಿ ಸಸಿಗಳನ್ನು ಕಿತ್ತರು. ಅವರ ಹೋರಾಟ ದನಕರುಗಳ ಮೇವಿಗಾಗಿ, ಜೀವನೋಪಾಯಕ್ಕಾಗಿ. ಕೃಷ್ಣಮೃಗದ ಪರವಾಗಿ ಕಿತ್ತವರಿರಲಿಲ್ಲ.

ಇಲ್ಲೊಂದು ಬಲವಾದ ಆಕ್ಷೇಪವಿದೆ. ನೀಲಗಿರಿ ನೆಟ್ಟ ಮೇಲೂ ರಾಣೆಬೆನ್ನೂರಿನ ಕೃಷ್ಣಮೃಗಗಳು ಹೆಚ್ಚಿದವಲ್ಲ, ಸಾವಿರಗಟ್ಟಲೆ ಆದವಲ್ಲ? ನಿಜ, ಹೆಚ್ಚಿದವು. ಕೋವಿ ನಿಂತದ್ದರಿಂದ ಹೆಚ್ಚಿದವು. ಮರಗಳ ಸಾಲಿನಲ್ಲಿ ಅಡಗಿ, ಪಕ್ಕದ ಹೊಲದಲ್ಲಿ ಮೇದು ಬದುಕುವುದನ್ನು ಕಲಿತವು. ಧಾಮ ಮಲಗುವ ಮನೆ, ಊಟ ರೈತನ ಮುಸುಕಿನ ಜೋಳದಲ್ಲಿ. ಹೀಗೆ ಹೊಂದಿಕೊಳ್ಳಲು ಬಾರದ ಎರೆಭೂತ ಎಂಬ ದೊಡ್ಡ ಹಕ್ಕಿಗೂ ಆಶ್ರಯವಾಗಲೆಂದು ಇದೇ ಧಾಮವನ್ನು ಮಾಡಿದ್ದರು, ಅದೀಗ ಅಲ್ಲಿಲ್ಲ. ರೈತರ ಆಕ್ಷೇಪ ಇನ್ನೂ ನೇರವಾದದ್ದು: ಮೊಳಕೆ ತಿಂದು ಹೋದದ್ದರ ಕುಲಗೋತ್ರ ತಿಳಿದು ನಮಗೇನಾಗಬೇಕು? ಆಗಬೇಕಾದದ್ದು ಉಂಟು. ರಾತ್ರಿ ಬಂದು ನೆಲ ಅಗೆಯುವ ಹಂದಿಗೂ ಹಗಲಲ್ಲೇ ಹಿಂಡಾಗಿ ಎಳೆಪೈರು ಮೇಯುವ ಕೃಷ್ಣಮೃಗಕ್ಕೂ ಒಂದೇ ಬೇಲಿ, ಒಂದೇ ಕಾವಲು ನಡೆಯುವುದಿಲ್ಲ. ಧಾಮದೊಳಗೆ ಹುಲ್ಲು ಮರಳಿ ಬಂದರೆ ಹೊಲದ ಮೇಲಿನ ಭಾರ ಇಳಿಯುತ್ತದೆ. ನೀಲಗಿರಿ ತೆಗೆದು ಹುಲ್ಲು ಬಿಡಿ ಎಂದು ಗಟ್ಟಿಯಾಗಿ ಕೇಳಬೇಕಾದವರು ರೈತರೇ.

ಬೇಟೆಯಿಲ್ಲದೆ ಬೇಟೆಗಾರನ ಕಣ್ಣು ಉಳಿಯುವುದಿಲ್ಲ, ಯೂರೋಪನ್ನು ನೋಡಿ ಎನ್ನುವವರೂ ಇದ್ದಾರೆ. ಇದನ್ನು ಒಪ್ಪಲಾಗದು. ಚಿತ್ರದುರ್ಗ ಜಿಲ್ಲೆಯ ಕೆಲವು ಹಳ್ಳಿಗಳಲ್ಲಿ ಸಂಕ್ರಾಂತಿಗೆ ಮೊಲ ಹಿಡಿದು, ಓಲೆ ತೊಡಿಸಿ, ಪೂಜೆ ಮಾಡಿ, ಮತ್ತೆ ಕಾಡಿಗೆ ಬಿಡುವ ರೂಢಿಯಿದೆ. ಹಿಡಿಯುವುದೂ ಕಾಯಿದೆಗೆ ಒಪ್ಪದ ಮಾತು, ಅದು ಬೇರೆ. ಆದರೆ ಜಾಡು ಹಿಡಿಯುವ ವಿದ್ಯೆಗೂ ಕೊಲ್ಲುವುದಕ್ಕೂ ಬಿಡಿಸಲಾಗದ ಗಂಟೇನಿಲ್ಲ ಎಂದು ಆ ಹಳ್ಳಿಗಳು ತೋರಿಸಿವೆ. ರಂಗಯ್ಯನದುರ್ಗದಲ್ಲಿ ಹಿಕ್ಕೆ ಗುಡ್ಡೆ ಎಣಿಸುವ ಕೆಲಸಕ್ಕೆ ಬೇಕಾದದ್ದೂ ಅದೇ ಕಣ್ಣು. ಅದನ್ನು ಸುತ್ತಲ ಹಳ್ಳಿಗಳ ಹುಡುಗರಿಗೆ ಕಲಿಸಿ ಕೂಲಿ ಕೊಟ್ಟರೆ ಧಾಮಕ್ಕೆ ಲೆಕ್ಕ ಸಿಗುತ್ತದೆ, ಹುಡುಗರಿಗೆ ಕೆಲಸ ಸಿಗುತ್ತದೆ. ಕಲಿಸಬಲ್ಲವರು ಯಾರು ಎಂಬುದೇ ತೊಡಕು. 1972ರಲ್ಲಿ ಇಪ್ಪತ್ತರ ಪ್ರಾಯದಲ್ಲಿ ಬಲೆ ಹೊತ್ತವರಿಗೆ ಈಗ ಎಪ್ಪತ್ತು ದಾಟಿದೆ. ಕಾಯಿದೆಯ ಭಯಕ್ಕೆ ಅವರಲ್ಲಿ ಹಲವರು ಆ ಕಾಲದ ಮಾತೇ ಎತ್ತುವುದಿಲ್ಲ, ಮೊಮ್ಮಕ್ಕಳು ಕೇಳುವುದೂ ಇಲ್ಲ.