ಗೋಡೆಯ ಬೂಷ್ಟು: ನೀರು ಬಂದ ದಾರಿ ಯಾವುದು?

ಆಗುಂಬೆಯಲ್ಲಿ ವರ್ಷಕ್ಕೆ ಸುಮಾರು 7000 ಮಿ.ಮೀ. ಮಳೆ ಬೀಳುತ್ತದೆ. ಅದೇ ಜಿಲ್ಲೆಯ ಶಿವಮೊಗ್ಗ ನಗರದಲ್ಲಾಗಲಿ ಭದ್ರಾವತಿಯಲ್ಲಾಗಲಿ ಬೀಳುವ ಮಳೆ ಅದರ ಕಾಲುಭಾಗಕ್ಕಿಂತ ಕಡಿಮೆ. ಆದರೂ ಜುಲೈ, ಆಗಸ್ಟ್ ಬಂತೆಂದರೆ ಈ ಎರಡೂ ಊರುಗಳ ಮನೆಗಳಲ್ಲಿ ಒಂದೇ ದೂರು. ಬೀರುವಿನಲ್ಲಿಟ್ಟ ಬಟ್ಟೆಗೆ ಮುಗ್ಗಲು ವಾಸನೆ, ಚಪ್ಪಲಿ ಮತ್ತು ಬೆಲ್ಟಿನ ಮೇಲೆ ಬೂಷ್ಟು, ಮಂಚದ ಹಿಂದಿನ ಗೋಡೆಯಲ್ಲಿ ಕಪ್ಪು ಚುಕ್ಕೆಗಳು. ಒರೆಸಿದರೆ ಹೋಗುತ್ತವೆ, ಕೆಲವು ವಾರಗಳಲ್ಲಿ ಮತ್ತೆ ಬರುತ್ತವೆ. ಬೇಸಿಗೆಯಲ್ಲಿ ಸಾವಿರಾರು ರೂಪಾಯಿ ಖರ್ಚು ಮಾಡಿ ಬಣ್ಣ ಹೊಡೆಸಿದರೂ ಮುಂದಿನ ಮಳೆಗಾಲದಲ್ಲಿ ಅದೇ ಜಾಗದಲ್ಲಿ ಕಪ್ಪು ಮೂಡುತ್ತದೆ. ಮಳೆ ಅಷ್ಟು ಕಡಿಮೆಯಿದ್ದರೂ ಹೀಗೇಕೆ?

ಇದು ಕೇವಲ ಅಂದಚೆಂದದ ಪ್ರಶ್ನೆಯಲ್ಲ. ತೇವ ಮತ್ತು ಬೂಷ್ಟಿನ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯು ಇಂಥ ಮನೆಗಳಲ್ಲಿ ವಾಸಿಸುವವರಿಗೆ ಉಸಿರಾಟದ ತೊಂದರೆ, ಅಲರ್ಜಿ ಹಾಗೂ ಆಸ್ತಮಾದ ಅಪಾಯ ಹೆಚ್ಚೆಂದು ಹೇಳುತ್ತದೆ. ಮಕ್ಕಳು, ವಯಸ್ಸಾದವರು ಮತ್ತು ಈಗಾಗಲೇ ಆಸ್ತಮಾ ಇರುವವರು ವಿಶೇಷವಾಗಿ ಎಚ್ಚರದಿಂದಿರಬೇಕು.

ಬೂಷ್ಟಿಗೆ ಬೇಕಾದದ್ದು ಏನು?

ಬೂಷ್ಟು ಒಂದು ಶಿಲೀಂಧ್ರ. ಆಸ್ಪರ್ಜಿಲಸ್, ಪೆನಿಸಿಲಿಯಮ್, ಕ್ಲಾಡೋಸ್ಪೋರಿಯಮ್ ಮುಂತಾದ ಜಾತಿಗಳ ಬೀಜಕಗಳು ಗಾಳಿಯಲ್ಲಿ ಸದಾ ತೇಲುತ್ತಿರುತ್ತವೆ. ಅವು ಇಲ್ಲದ ಮನೆಯೇ ಇಲ್ಲ. ಗೋಡೆಯ ಮೇಲಿನ ಧೂಳು, ಡಿಸ್ಟೆಂಪರಿನಲ್ಲಿರುವ ಅಂಟು, ಪುಸ್ತಕದ ರಟ್ಟು, ಚರ್ಮ ಎಲ್ಲವೂ ಅವಕ್ಕೆ ಆಹಾರ. ನಮಗೆ ಹಿತವಾದ ಉಷ್ಣತೆ ಅವಕ್ಕೂ ಹಿತ. ಬೀಜಕ, ಆಹಾರ, ಉಷ್ಣತೆ ಈ ಮೂರನ್ನೂ ಮನೆಯಿಂದ ಹೊರಹಾಕುವುದು ಸಾಧ್ಯವಿಲ್ಲ. ನಮ್ಮ ಹಿಡಿತದಲ್ಲಿರುವುದು ನಾಲ್ಕನೆಯದಾದ ನೀರು ಮಾತ್ರ.

ಆದರೆ ಬೂಷ್ಟು ಬೆಳೆಯಲು ಗೋಡೆಯ ಮೇಲೆ ನೀರು ಹರಿಯಬೇಕಾಗಿಲ್ಲ. ಗೋಡೆಗೆ ಅಂಟಿದಂತಿರುವ ಗಾಳಿಯ ತೆಳು ಪದರದಲ್ಲಿ ಸಾಪೇಕ್ಷ ಆರ್ದ್ರತೆಯು ಹಲವು ದಿನ ಶೇ. 80ಕ್ಕಿಂತ ಹೆಚ್ಚಾಗಿದ್ದರೆ ಸಾಕು, ಬೀಜಕಗಳು ಮೊಳೆಯುತ್ತವೆ. ಕೈಗೆ ಒಣಗಿದಂತೆ ತೋರುವ ಗೋಡೆಯಲ್ಲೂ ಬೂಷ್ಟು ಬರುವುದು ಇದರಿಂದಲೇ. ಎಷ್ಟು ಮಳೆ ಬಿತ್ತು ಎಂಬುದಕ್ಕಿಂತ ಗೋಡೆ ಎಷ್ಟು ದಿನ ಆರದೆ ಉಳಿಯಿತು ಎಂಬುದು ಮುಖ್ಯ.

ಗಾಳಿಯ ಲೆಕ್ಕ

ಒಂದು ಘನ ಮೀಟರ್ ಗಾಳಿ ಹಿಡಿದಿಟ್ಟುಕೊಳ್ಳಬಲ್ಲ ನೀರಾವಿಗೆ ಮಿತಿಯಿದೆ. ಮಿತಿ ತಲುಪಿದ ಗಾಳಿ ಸಂತೃಪ್ತ ಗಾಳಿ. ಉಷ್ಣತೆ ಏರಿದಂತೆ ಈ ಮಿತಿಯೂ ಏರುತ್ತದೆ:

20 ಡಿಗ್ರಿ ಸೆಲ್ಸಿಯಸ್‌ನಲ್ಲಿ 17.3 ಗ್ರಾಂ
22 ಡಿಗ್ರಿಯಲ್ಲಿ 19.4 ಗ್ರಾಂ
24 ಡಿಗ್ರಿಯಲ್ಲಿ 21.8 ಗ್ರಾಂ
26 ಡಿಗ್ರಿಯಲ್ಲಿ 24.4 ಗ್ರಾಂ
28 ಡಿಗ್ರಿಯಲ್ಲಿ 27.2 ಗ್ರಾಂ

ಗಾಳಿಯಲ್ಲಿ ವಾಸ್ತವವಾಗಿ ಇರುವ ಆವಿಯನ್ನು ಈ ಮಿತಿಯಿಂದ ಭಾಗಿಸಿದರೆ ಸಾಪೇಕ್ಷ ಆರ್ದ್ರತೆ ದೊರೆಯುತ್ತದೆ. ಮಳೆಗಾಲದ ಒಂದು ಕೋಣೆಯಲ್ಲಿ ಉಷ್ಣತೆ 26 ಡಿಗ್ರಿ, ಸಾಪೇಕ್ಷ ಆರ್ದ್ರತೆ ಶೇ. 85 ಎಂದಿಟ್ಟುಕೊಳ್ಳೋಣ. ಆಗ ಪ್ರತಿ ಘನ ಮೀಟರಿನಲ್ಲಿ 20.7 ಗ್ರಾಂ ಆವಿ ಇದೆ. ಅದೇ ಕೋಣೆಯಲ್ಲಿ ಬಿಸಿಲು ಬೀಳದ ಉತ್ತರದ ಗೋಡೆ 24 ಡಿಗ್ರಿಯಲ್ಲಿದ್ದರೆ ಅದನ್ನು ತಾಕಿದ ಗಾಳಿಯ ಮಿತಿ 21.8 ಗ್ರಾಂಗೆ ಇಳಿಯುತ್ತದೆ. ಅಲ್ಲಿ ಸಾಪೇಕ್ಷ ಆರ್ದ್ರತೆ ಸುಮಾರು ಶೇ. 95! ಗೋಡೆ ಇನ್ನೊಂದು ಡಿಗ್ರಿ ತಣ್ಣಗಾದರೆ ಇಬ್ಬನಿ ಬಿಂದು ಹತ್ತಿರವಾಗಿ ಆವಿಯು ನೀರಾಗಿ ಕೂರತೊಡಗುತ್ತದೆ. ತಂಪಾದ ರಾತ್ರಿಯ ನಂತರ ಬೆಚ್ಚನೆಯ ತೇವದ ಗಾಳಿ ಬೀಸಿದಾಗ ಗ್ರಾನೈಟ್ ಅಥವಾ ಟೈಲ್ಸ್ ನೆಲ ‘ಬೆವರುವುದು’ ಹೀಗೆಯೇ.

ಬೀರುವಿನ ಹಿಂದೆ, ಮೂಲೆಗಳಲ್ಲಿ, ಮಂಚದ ತಲೆಭಾಗದಲ್ಲಿ ಬೂಷ್ಟು ಮೊದಲು ಕಾಣಿಸುವುದೇಕೆಂದು ಈಗ ತಿಳಿಯಿತು. ಅಲ್ಲಿ ಗಾಳಿ ಓಡಾಡುವುದಿಲ್ಲ, ಗೋಡೆಗೆ ಕೋಣೆಯ ಶಾಖ ತಲಪುವುದಿಲ್ಲ. ಕೋಣೆಯ ಉಳಿದ ಭಾಗಕ್ಕಿಂತ ಒಂದೆರಡು ಡಿಗ್ರಿ ತಣ್ಣಗಿರುವ ಜಾಗಗಳು ಅವು.

ನೀರಿನ ಮೂರು ದಾರಿಗಳು

ಗೋಡೆಗೆ ನೀರು ಮೂರು ದಾರಿಗಳಿಂದ ಬರುತ್ತದೆ: ಮೇಲಿನಿಂದ ಮತ್ತು ಪಕ್ಕದಿಂದ ಮಳೆ, ಕೆಳಗಿನಿಂದ ನೆಲದ ತೇವ, ಒಳಗಿನಿಂದ ಆವಿ. ಮೂರಕ್ಕೂ ಪರಿಹಾರ ಬೇರೆ ಬೇರೆ. ಒಂದರ ಮದ್ದನ್ನು ಇನ್ನೊಂದಕ್ಕೆ ಹಾಕಿದರೆ ಹಣವೂ ಹೋಗುತ್ತದೆ, ತೇವವೂ ಉಳಿಯುತ್ತದೆ.

ಮೊದಲನೆಯದು ಮಳೆ. ನೈರುತ್ಯ ಮಾರುತದ ಇರಚಲು ಹೊಡೆಯುವುದು ಪಶ್ಚಿಮ ಮತ್ತು ದಕ್ಷಿಣದ ಗೋಡೆಗಳಿಗೆ. ತಾರಸಿಯ ಬಿರುಕು, ನೀರು ನಿಲ್ಲುವ ತಗ್ಗು, ಕಟ್ಟಿಕೊಂಡ ಪೈಪು, ಕಿಟಕಿ ಚೌಕಟ್ಟಿನ ಸಂದು ಇವುಗಳ ಮೂಲಕ ನೀರು ಒಳನುಗ್ಗುತ್ತದೆ. ದೊಡ್ಡ ಮಳೆಯಾದ ಕೆಲವು ಗಂಟೆಗಳಲ್ಲಿ ಅಥವಾ ಒಂದೆರಡು ದಿನಗಳಲ್ಲಿ ಕಲೆ ಹಿಗ್ಗಿ, ಹೊಳವಾದಾಗ ಕುಗ್ಗುವುದು ಇದರ ಗುರುತು.

ಎರಡನೆಯದು ನೆಲದಿಂದ ಏರುವ ತೇವ. ಇಟ್ಟಿಗೆ, ಜಂಬಿಟ್ಟಿಗೆ, ಗಾರೆ ಎಲ್ಲದರಲ್ಲೂ ಕೂದಲಿಗಿಂತ ಸಣ್ಣ ರಂಧ್ರಗಳಿವೆ. ಮೇಲ್ಮೈ ಎಳೆತದಿಂದ ಇವುಗಳಲ್ಲಿ ನೀರು ತಾನಾಗಿ ಮೇಲೇರುತ್ತದೆ. ಇದು ಲೋಮನಾಳ ಕ್ರಿಯೆ. ರಂಧ್ರದ ತ್ರಿಜ್ಯ ಮಿಲಿಮೀಟರಿನ ನೂರನೇ ಒಂದು ಭಾಗವಾದರೆ ನೀರು ಸೈದ್ಧಾಂತಿಕವಾಗಿ ಸುಮಾರು ಒಂದೂವರೆ ಮೀಟರ್ ಏರಬಲ್ಲದು. ವಾಸ್ತವದಲ್ಲಿ ಏರಿದ ನೀರು ಗೋಡೆಯ ಮೈಯಿಂದ ಆವಿಯಾಗುತ್ತಿರುವುದರಿಂದ ತೇವದ ಗೆರೆ ಸಾಮಾನ್ಯವಾಗಿ ಒಂದು ಮೀಟರಿನೊಳಗೆ ನಿಲ್ಲುತ್ತದೆ. ನೀರು ಆರಿಹೋದಾಗ ಅದರೊಡನೆ ಬಂದ ಲವಣಗಳು ಬಿಳಿ ಹುಡಿಯಾಗಿ ಉಳಿಯುತ್ತವೆ. ‘ಗೋಡೆಗೆ ಚೌಳು ಹಿಡಿದಿದೆ’ ಎಂದು ಜನ ಹೇಳುವುದು ಇದನ್ನೇ. ಶಿವಮೊಗ್ಗದಲ್ಲಿ ತುಂಗಾ ನಾಲೆ, ಭದ್ರಾವತಿಯಲ್ಲಿ ಭದ್ರಾ ನಾಲೆಗೆ ಹತ್ತಿರವಿರುವ ಹಳೆಯ ಮನೆಗಳಲ್ಲಿ ನಾಲೆಗೆ ನೀರು ಬಿಟ್ಟ ತಿಂಗಳುಗಳಲ್ಲಿ ಈ ಗೆರೆ ಏರುತ್ತದೆಯೇ ಎಂದು ಗಮನಿಸುವುದು ಒಳ್ಳೆಯದು.

ಇಲ್ಲಿಯೇ ಒಂದು ಸಾಮಾನ್ಯ ತಪ್ಪು ನಡೆಯುತ್ತದೆ. ಒಳಗೋಡೆಯ ಕೆಳಭಾಗಕ್ಕೆ ನೀರು ಬಿಡದ ಬಣ್ಣ ಬಳಿಯುತ್ತಾರೆ ಅಥವಾ ಗಟ್ಟಿ ಸಿಮೆಂಟ್ ಗಿಲಾವು ಮಾಡಿಸುತ್ತಾರೆ. ಇದರಿಂದ ನೀರು ಏರುವುದು ನಿಲ್ಲುವುದಿಲ್ಲ, ಆರುವುದು ಮಾತ್ರ ನಿಲ್ಲುತ್ತದೆ. ಪರಿಣಾಮವಾಗಿ ತೇವದ ಗೆರೆ ಬಣ್ಣದ ಮೇಲಂಚನ್ನು ದಾಟಿ ಇನ್ನೂ ಎತ್ತರಕ್ಕೆ ಹೋಗುತ್ತದೆ. ಕೊನೆಗೆ ಬಣ್ಣವೂ ಗುಳ್ಳೆಯೆದ್ದು ಕಳಚುತ್ತದೆ.

ಮೂರನೆಯದು ನಾವೇ ಉಂಟುಮಾಡುವ ಆವಿ. ಒಂದು ಕಿಲೋಗ್ರಾಂ ಅಡುಗೆ ಅನಿಲ ಉರಿದಾಗ ಸುಮಾರು 1.6 ಕಿಲೋಗ್ರಾಂ ನೀರು ಉತ್ಪತ್ತಿಯಾಗುತ್ತದೆ. ಅಂದರೆ 14.2 ಕಿಲೋಗ್ರಾಂನ ಒಂದು ಸಿಲಿಂಡರಿನಿಂದ 22 ಲೀಟರಿಗೂ ಹೆಚ್ಚು ನೀರು! ಪಾತ್ರೆಯಿಂದ ಏಳುವ ಆವಿ ಬೇರೆ. ಹಿಂಡಿದ ನಾಲ್ಕು ಕಿಲೋ ಬಟ್ಟೆಯಲ್ಲಿ ಸುಮಾರು ಎರಡು ಲೀಟರ್ ನೀರಿರುತ್ತದೆ. ಮಲಗಿರುವ ಒಬ್ಬ ವ್ಯಕ್ತಿಯ ಉಸಿರು ಮತ್ತು ಚರ್ಮದಿಂದ ಗಂಟೆಗೆ ಸುಮಾರು 40 ಗ್ರಾಂ ಆವಿ ಹೊರಬರುತ್ತದೆ.

ಈಗ 3 ಮೀಟರ್ ಅಗಲ, 4 ಮೀಟರ್ ಉದ್ದ, 3 ಮೀಟರ್ ಎತ್ತರದ ಮಲಗುವ ಕೋಣೆಯನ್ನು ತೆಗೆದುಕೊಳ್ಳಿ. 24 ಡಿಗ್ರಿಯಲ್ಲಿ ಅದರ ಗಾಳಿ ಒಟ್ಟು 785 ಗ್ರಾಂ ಆವಿಯನ್ನು ಹಿಡಿಯಬಲ್ಲದು. ಆರ್ದ್ರತೆ ಆಗಲೇ ಶೇ. 85 ಇದ್ದರೆ ಉಳಿದ ಜಾಗ ಸುಮಾರು 120 ಗ್ರಾಂಗೆ ಮಾತ್ರ. ಇಬ್ಬರು ಕಿಟಕಿ ಮುಚ್ಚಿ ಎಂಟು ಗಂಟೆ ಮಲಗಿದರೆ ಸೇರುವ ಆವಿ 640 ಗ್ರಾಂ. ಸಂದುಗಳಿಂದ ಹೊರಹೋದಷ್ಟು ಹೋಗಿ, ಮಿಕ್ಕದ್ದು ಹಾಸಿಗೆ, ಬಟ್ಟೆ, ಗೋಡೆಗಳಲ್ಲಿ ಸೇರುತ್ತದೆ. ಅದೇ ಕೋಣೆಯಲ್ಲಿ ಹಗ್ಗ ಕಟ್ಟಿ ಬಟ್ಟೆ ಒಣಗಿಸಿದರೆ ಏನಾಗುತ್ತದೆಂದು ನೀವೇ ಲೆಕ್ಕ ಹಾಕಿ.

ಮಾಡಿ ನೋಡಿ

ಯಾವ ದಾರಿಯಿಂದ ನೀರು ಬರುತ್ತಿದೆ ಎಂದು ತಿಳಿಯಲು ಸುಲಭದ ಪರೀಕ್ಷೆಯೊಂದಿದೆ. ತೇವವಿರುವ ಜಾಗವನ್ನು ಬಟ್ಟೆಯಿಂದ ಒರೆಸಿ, ಒಂದು ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚುಗಳಿಗೆ ಟೇಪು ಹಾಕಿ ಗೋಡೆಗೆ ಅಂಟಿಸಿ. ಎರಡು ದಿನ ಬಿಟ್ಟು ನೋಡಿ. ಹಾಳೆಯ ಒಳಬದಿಯಲ್ಲಿ ಹನಿಗಳಿದ್ದರೆ ನೀರು ಗೋಡೆಯೊಳಗಿನಿಂದ ಬರುತ್ತಿದೆ. ಹೊರಬದಿ ಒದ್ದೆಯಾಗಿದ್ದರೆ ಅದು ಕೋಣೆಯ ಗಾಳಿಯ ಆವಿ. ಎರಡೂ ಕಡೆ ಇದ್ದರೆ ಕಾರಣವೂ ಎರಡು.

ಜೊತೆಗೆ ಕಲೆಯ ಅಂಚಿನಗುಂಟ ಪೆನ್ಸಿಲಿನಿಂದ ಗೆರೆ ಎಳೆದು ದಿನಾಂಕ ಬರೆಯಿರಿ. ಮಳೆ ಬಂದಾಗ ಹಿಗ್ಗುವ ಕಲೆ ಮಳೆನೀರಿನದು. ನೆಲದಿಂದ ಮೇಲಕ್ಕೆ ಒಂದೇ ಮಟ್ಟದಲ್ಲಿ ನಿಂತು ಚೌಳು ಬಿಟ್ಟ ಕಲೆ ನೆಲದ ತೇವದ್ದು. ಚೌಳಿಲ್ಲದೆ ಮೂಲೆಗಳಲ್ಲಿ ಕಪ್ಪು ಚುಕ್ಕೆಯಾಗಿ ಬರುವುದು ಹೆಚ್ಚಾಗಿ ಆವಿಯಿಂದ.

ಕೋಣೆಯ ಆರ್ದ್ರತೆಯನ್ನು ಅಳೆಯಲು ಶಾಲೆಯ ಎರಡು ಉಷ್ಣತಾಮಾಪಕಗಳು ಸಾಕು. ಒಂದರ ಬುರುಡೆಗೆ ಒದ್ದೆ ಹತ್ತಿಬಟ್ಟೆ ಸುತ್ತಿ, ಎರಡಕ್ಕೂ ಫ್ಯಾನಿನ ಗಾಳಿ ಬೀಸುವಂತೆ ಇಡಿ. ಕೋಣೆಯ ಉಷ್ಣತೆ 26 ಡಿಗ್ರಿ ಆಸುಪಾಸಿನಲ್ಲಿದ್ದಾಗ ಎರಡರ ನಡುವಿನ ವ್ಯತ್ಯಾಸ 3 ಡಿಗ್ರಿಯಾದರೆ ಸಾಪೇಕ್ಷ ಆರ್ದ್ರತೆ ಸುಮಾರು ಶೇ. 78. ಒಂದೂವರೆ ಡಿಗ್ರಿಯಾದರೆ ಸುಮಾರು ಶೇ. 88. ವ್ಯತ್ಯಾಸ ಕುಗ್ಗಿದಷ್ಟೂ ಬೂಷ್ಟಿಗೆ ಅನುಕೂಲ.

ಪರಿಹಾರ

ಮಳೆನೀರಿಗೆ ಪರಿಹಾರ ಹೊರಗಡೆ ಇದೆ. ತಾರಸಿಯ ಇಳಿಜಾರು ಸರಿಪಡಿಸುವುದು, ಬಿರುಕು ತುಂಬುವುದು, ಪೈಪುಗಳನ್ನು ಮಳೆಗಾಲಕ್ಕೆ ಮುಂಚೆ ಶುಚಿಮಾಡುವುದು, ಕಿಟಕಿಗೆ ಸಾಕಷ್ಟು ಚಾಚಿದ ಸಜ್ಜ ಹಾಕಿಸುವುದು. ಸಜ್ಜದ ಕೆಳ ಅಂಚಿನಲ್ಲಿ ಸಣ್ಣ ಗೀರು ಕಾಲುವೆ ಬಿಟ್ಟರೆ ನೀರು ಗೋಡೆಯತ್ತ ಹರಿದು ಬರದೆ ಅಲ್ಲೇ ತೊಟ್ಟಿಕ್ಕುತ್ತದೆ.

ನೆಲದ ತೇವಕ್ಕೆ ಹೊಸ ಮನೆಯಾದರೆ ತಳಪಾಯದ ಮೇಲೆ ತೇವ ತಡೆಯುವ ಪದರ ಹಾಕಿಸುವುದೇ ಸರಿಯಾದ ಕ್ರಮ. ಹಳೆಯ ಮನೆಯಾದರೆ ಹೊರಗಿನ ಮಣ್ಣಿನ ಮಟ್ಟ ಒಳನೆಲಕ್ಕಿಂತ ಕನಿಷ್ಠ ಅರ್ಧ ಅಡಿ ಕೆಳಗಿರಲಿ, ಗೋಡೆಯ ಬುಡದಿಂದ ನೀರು ದೂರ ಹರಿಯಲಿ. ಕೆಳಭಾಗದ ಸಿಮೆಂಟ್ ಗಿಲಾವು ಕೆತ್ತಿಸಿ ಸುಣ್ಣದ ಗಾರೆ ಹಾಕಿಸಿದರೆ ಗೋಡೆ ಉಸಿರಾಡುತ್ತದೆ. ಹೊಸದಾಗಿ ಬಳಿದ ಸುಣ್ಣ ಪ್ರಬಲ ಕ್ಷಾರೀಯವಾದ್ದರಿಂದ ಅದರ ಮೇಲೆ ಬೂಷ್ಟು ಬೆಳೆಯದು. ಗಾಳಿಯ ಇಂಗಾಲದ ಡೈಆಕ್ಸೈಡ್ ಸೇರಿ ಈ ಕ್ಷಾರಗುಣ ಕ್ರಮೇಣ ಕಡಿಮೆಯಾಗುತ್ತದೆ. ವರ್ಷಕ್ಕೊಮ್ಮೆ ಸುಣ್ಣ ಬಳಿಯುತ್ತಿದ್ದ ಪದ್ಧತಿಗೆ ಈ ಅರ್ಥವೂ ಇದೆ.

ಆವಿಗೆ ಇರುವ ಉಪಾಯಗಳು ಎರಡೇ: ಆವಿಯನ್ನು ಹೊರಹಾಕುವುದು, ಇಲ್ಲವೇ ಗೋಡೆ ಮತ್ತು ಗಾಳಿಯನ್ನು ಬೆಚ್ಚಗಾಗಿಸುವುದು. ಹೊರಗೆ ಮಳೆ ಸುರಿಯುವಾಗ ಕಿಟಕಿ ತೆರೆದರೆ ತೇವ ಒಳಗೆ ಬರುವುದಿಲ್ಲವೇ ಎಂದು ನೀವು ಕೇಳಬಹುದು. ಹೊರಗೆ 22 ಡಿಗ್ರಿ, ಆರ್ದ್ರತೆ ಶೇ. 95 ಇದ್ದರೆ ಆ ಗಾಳಿಯಲ್ಲಿರುವ ಆವಿ ಘನ ಮೀಟರಿಗೆ 18.4 ಗ್ರಾಂ. ಅದು 26 ಡಿಗ್ರಿಯ ಕೋಣೆಗೆ ಬಂದು ಬೆಚ್ಚಗಾದರೆ ಆರ್ದ್ರತೆ ಶೇ. 75ಕ್ಕೆ ಇಳಿಯುತ್ತದೆ. ಮನೆಯೊಳಗೆ ಹೊರಗಿಗಿಂತ ಬೆಚ್ಚಗಿರುವವರೆಗೆ ಹೊರಗಾಳಿ ಮನೆಯನ್ನು ಒಣಗಿಸುತ್ತದೆ. ಇರಚಲು ಬಾರದ ಬದಿಯ ಎದುರುಬದುರು ಕಿಟಕಿಗಳನ್ನು ತೆರೆಯಿರಿ. ನೆಲ ಬೆವರುವ ದಿನ ಮಾತ್ರ ಮುಚ್ಚಿರಲಿ. ಅಡುಗೆಮನೆ, ಬಚ್ಚಲುಮನೆಗಳಿಗೆ ಗಾಳಿ ಹೊರದೂಡುವ ಫ್ಯಾನು ಹಾಕಿಸಿ. ಬಟ್ಟೆ ಒಣಗಿಸಲು ಅಂಥ ಫ್ಯಾನಿರುವ ಒಂದೇ ಕೋಣೆಯನ್ನು ಗೊತ್ತುಮಾಡಿ ಅದರ ಬಾಗಿಲು ಮುಚ್ಚಿಡಿ. ಬೀರು, ಮಂಚಗಳನ್ನು ಗೋಡೆಯಿಂದ ನಾಲ್ಕು ಬೆರಳು ದೂರ ಸರಿಸಿ.

ಬೆಚ್ಚಗಾಗಿಸುವ ಉಪಾಯ ಮಲೆನಾಡಿಗೆ ಹೊಸದಲ್ಲ. ಹಳೆಯ ಹೆಂಚಿನ ಮನೆಗಳಲ್ಲಿ ಅಡುಗೆ ಒಲೆ, ಬಚ್ಚಲ ಒಲೆ ದಿನವೂ ಉರಿಯುತ್ತಿದ್ದವು. ಬಿಸಿಗಾಳಿ ಅಟ್ಟದ ಮೂಲಕ ಏರಿ ಹೆಂಚಿನ ಸಂದುಗಳಿಂದ ಹೊರಹೋಗುತ್ತಿತ್ತು. ಅಡಿಕೆ, ಮೆಣಸು, ಬೀಜದ ಭತ್ತ ಅಟ್ಟದಲ್ಲಿ ಉಳಿಯುತ್ತಿದ್ದುದು ಈ ಶಾಖದಿಂದ. ಆ ಹೊಗೆ ಶ್ವಾಸಕೋಶಕ್ಕೆ ಕೆಟ್ಟದ್ದು, ಒಲೆಗೆ ಮರಳಬೇಕೆಂದು ಯಾರೂ ಹೇಳಲಾರರು. ಆದರೆ ಒಲೆಯೊಂದಿಗೆ ಶಾಖವೂ, ಹೆಂಚಿನೊಂದಿಗೆ ಗಾಳಿಯ ದಾರಿಯೂ ಹೋದವು ಎಂಬುದನ್ನು ಕಾಂಕ್ರೀಟ್ ಮನೆಯವರು ಮರೆಯಬಾರದು. ನಮ್ಮ ಮಳೆಗಾಲದ ಉಷ್ಣತೆಯಲ್ಲಿ ಗಾಳಿಯನ್ನು ಒಂದು ಡಿಗ್ರಿ ಬೆಚ್ಚಗಾಗಿಸಿದರೆ ಸಾಪೇಕ್ಷ ಆರ್ದ್ರತೆ ಸುಮಾರು 5 ಅಂಶ ಇಳಿಯುತ್ತದೆ. ಮುಚ್ಚಿದ ಬೀರುವಿನಲ್ಲಿ ಬಟ್ಟೆಗೆ ತಾಗದಂತೆ ಜಾಲರಿಯೊಳಗೆ ಹಾಕಿದ 15 ವಾಟಿನ ತಂತು ದೀಪ ಈ ಕೆಲಸ ಮಾಡುತ್ತದೆ. ಬೆಳಕಿಗೆಂದು ಹಾಕುವ ಎಲ್‌ಇಡಿ ದೀಪ ಬಳಸುವ ವಿದ್ಯುತ್ತೇ ಕಡಿಮೆ, ಆದ್ದರಿಂದ ಅದರ ಶಾಖವೂ ಸಾಲದು.

ಪ್ರವಾಹದ ನೀರು ಹೊಕ್ಕ ಮನೆಗಳಿಗೆ ತಾಳ್ಮೆಯೂ ಬೇಕು. 2019ರ ಆಗಸ್ಟ್‌ನಲ್ಲಿ ತುಂಗೆ ಉಕ್ಕಿ ಶಿವಮೊಗ್ಗದ ತಗ್ಗು ಬಡಾವಣೆಗಳಿಗೆ ನೀರು ನುಗ್ಗಿತ್ತು. ನೀರು ಕುಡಿದ ಗೋಡೆ ಒಂದು ಅಂಗುಲ ಆರಲು ಸುಮಾರು ಒಂದು ತಿಂಗಳು ಬೇಕೆಂಬುದು ಸ್ಥೂಲ ಲೆಕ್ಕ. ಅಂಥ ಗೋಡೆಗೆ ಹಬ್ಬದ ಅವಸರದಲ್ಲಿ ಬಣ್ಣ ಹೊಡೆದರೆ ನೀರನ್ನು ಒಳಗೇ ಮುಚ್ಚಿಟ್ಟಂತೆ.

ಶುಚಿಗೊಳಿಸುವಾಗ ಎಚ್ಚರ

ಒಣಗಿದ ಬೂಷ್ಟನ್ನು ಪೊರಕೆಯಿಂದ ಗುಡಿಸಬಾರದು, ಬೀಜಕಗಳು ಮನೆಯೆಲ್ಲ ಹಾರುತ್ತವೆ. ಮೂಗು ಬಾಯಿಗೆ ಮಾಸ್ಕ್ ಕಟ್ಟಿ, ಕೈಗವಸು ಹಾಕಿ, ಸೋಪಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ ಬಟ್ಟೆಯನ್ನು ಎಸೆಯಿರಿ. ಆಸ್ತಮಾ ಇರುವವರು ಈ ಕೆಲಸ ಮಾಡದಿರಲಿ. ಬ್ಲೀಚಿಂಗ್ ಪುಡಿಯಿಂದ ಕಪ್ಪು ಬಣ್ಣ ಹೋಗುತ್ತದೆ, ಗಿಲಾವಿನ ಒಳಕ್ಕಿಳಿದ ಶಿಲೀಂಧ್ರದ ಎಳೆಗಳು ಉಳಿಯಬಹುದು. ಬ್ಲೀಚಿಂಗ್ ಪುಡಿಯನ್ನು ಶೌಚಾಲಯ ತೊಳೆಯುವ ಆಮ್ಲದೊಂದಿಗೆ ಎಂದೂ ಬೆರೆಸಬೇಡಿ, ವಿಷಕಾರಿ ಕ್ಲೋರಿನ್ ಅನಿಲ ಹೊರಬರುತ್ತದೆ.

ಉಪಾಧ್ಯಾಯರು ಇದನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಯೋಜನೆಯಾಗಿ ಕೈಗೊಳ್ಳಬಹುದು. ಪ್ರತಿ ವಿದ್ಯಾರ್ಥಿ ತನ್ನ ಮನೆಯ ಒಂದು ಗೋಡೆಯನ್ನು ಆರಿಸಿಕೊಂಡು ಪ್ಲಾಸ್ಟಿಕ್ ಹಾಳೆಯ ಪರೀಕ್ಷೆ ಮಾಡಲಿ, ವಾರಕ್ಕೊಮ್ಮೆ ಕಲೆಯ ಗೆರೆ ಮತ್ತು ಎರಡು ಉಷ್ಣತಾಮಾಪಕಗಳ ಅಳತೆ ಬರೆದಿಡಲಿ. ಸಂತೃಪ್ತ ಆವಿ, ಇಬ್ಬನಿ ಬಿಂದು, ಲೋಮನಾಳ ಕ್ರಿಯೆ ಇವು ಆಗ ಪರೀಕ್ಷೆಗೆ ಉರುಹೊಡೆಯುವ ವ್ಯಾಖ್ಯೆಗಳಾಗಿ ಉಳಿಯುವುದಿಲ್ಲ. ಬಣ್ಣದ ಡಬ್ಬಿ ತರುವ ಮುನ್ನ ನೀರಿನ ದಾರಿ ಯಾವುದೆಂದು ಆ ವಿದ್ಯಾರ್ಥಿಯೇ ಮನೆಯವರಿಗೆ ತೋರಿಸಬಲ್ಲನು, ತೋರಿಸಬಲ್ಲಳು.